ಜೋಳಿಗೆಗೆ ಬಿದ್ದ ಚಟ

ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಓಣಿಗೆ ಬಂದರೆ ಹೆಂಗಸರು ಮೊರದಲ್ಲಿ ಜೋಳ ತರುವುದು, ಗಂಡಸರು ಅಂಗಿಯ ಕಿಸೆಗೆ ಕೈ ಹಾಕುವುದು ಬಾಗಲಕೋಟೆ ಸೀಮೆಯ ಹಳೆಯ ಪದ್ಧತಿ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಹಿಡಿದು ಹೊರಟ ಜೋಳಿಗೆಗೆ ಜೋಳವೂ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ. ಅವರು ಬೇಡಿದ್ದು ಚಟ. ಕುಡಿತ, ಬೀಡಿ, ತಂಬಾಕು, ಇಸ್ಪೀಟು, ಯಾರಲ್ಲಿ ಏನಿದೆಯೋ ಅದನ್ನು ಭಿಕ್ಷೆಯಾಗಿ ಹಾಕಿ ಎಂದು ಊರೂರು ತಿರುಗಿದರು. ಜನ ಅದನ್ನು ‘ಮಹಾಂತ ಜೋಳಿಗೆ’ ಎಂದು ಕರೆದರು. 2018ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಆ ಹೆಸರು ಉತ್ತರ ಕರ್ನಾಟಕದ ಮನೆಮಾತಾಗಿತ್ತು.

ಚಟ ಕೈಗೆ ಸಿಗುವ ವಸ್ತುವಲ್ಲ. ಆ ಜೋಳಿಗೆಯ ಮುಂದೆ ಮಾತ್ರ ಅದಕ್ಕೊಂದು ಆಕಾರ ಬರುತ್ತಿತ್ತು. ಕಿಸೆಯ ಬೀಡಿ ಕಟ್ಟು, ತಂಬಾಕಿನ ಚಂಚಿ ಜೋಳಿಗೆಗೆ ಬೀಳುತ್ತಿದ್ದವು. ಕೊಡುವವನು ತನ್ನ ಚಟದ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು, ಅದೂ ಓಣಿಯವರ ಎದುರಿಗೆ. ಬೈಗುಳವಿಲ್ಲ, ದಂಡವಿಲ್ಲ, ಬೇಡುವವರು ಸ್ವಾಮಿಗಳು, ಕೊಡುವವನೇ ದೊಡ್ಡವನು.

ಮಿದುಳಿನ ವಿಜ್ಞಾನ ಕಳೆದ ಮೂವತ್ತು-ನಲವತ್ತು ವರ್ಷಗಳಲ್ಲಿ ಅಭ್ಯಾಸದ ಬಗ್ಗೆ ಕಂಡುಕೊಂಡ ಸಂಗತಿಗಳನ್ನು ಓದುವಾಗ ಈ ಜೋಳಿಗೆ ಮತ್ತೆ ಮತ್ತೆ ನೆನಪಾಗುತ್ತದೆ. ‘ಮನಸ್ಸು ಗಟ್ಟಿ ಮಾಡು, ಬಿಟ್ಟುಬಿಡು’ ಎನ್ನುವುದು ನಾವೆಲ್ಲ ಕೊಡುವ ಬುದ್ಧಿವಾದ. ಪ್ರಯೋಗಗಳು ಹೇಳುವುದೇ ಬೇರೆ. ಗಟ್ಟಿ ಮನಸ್ಸಿನ ಪಾಲು ನಾವು ತಿಳಿದಷ್ಟು ದೊಡ್ಡದಲ್ಲ. ಸುತ್ತಲಿನ ಜಾಗ, ತನ್ನನ್ನೇ ನೋಡಿಕೊಳ್ಳುವ ಕುತೂಹಲ, ಎದುರಿಗೆ ಕೂತು ಕೇಳುವ ಒಬ್ಬ ಮನುಷ್ಯ, ಈ ಮೂರರ ಪಾಲು ದೊಡ್ಡದು. ಅದು ಹೇಗೆಂದು ಬಾಗಲಕೋಟೆ ಜಿಲ್ಲೆಯಲ್ಲೇ ಒಂದು ಸುತ್ತು ಹಾಕಿ ನೋಡೋಣ.

ಕುಣಿಮಗ್ಗದ ಮುಂದೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಯಾವುದಾದರೂ ಮನೆಯೊಳಗೆ ಇಣುಕಿ. ನೆಲದಲ್ಲಿ ತೋಡಿದ ಕುಣಿ, ಅದರ ಮೇಲೆ ಮಗ್ಗ. ನೇಕಾರ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಿರುತ್ತಾನೆ. ಕಾಲು ಒತ್ತಿದರೆ ಹಾಸಿನ ಎಳೆಗಳು ಎರಡಾಗಿ ಬಾಯಿ ತೆರೆಯುತ್ತವೆ, ಲಾಳಿ ಆ ಬಾಯಲ್ಲಿ ನುಗ್ಗಿ ಆಚೆ ಸೇರುತ್ತದೆ, ಹಣಿಗೆ ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುತ್ತದೆ. ಮತ್ತೆ ಕಾಲು, ಮತ್ತೆ ಲಾಳಿ. ಇಷ್ಟೆಲ್ಲ ನಡೆಯುವಾಗ ಅವನ ಬಾಯಿ ಪಕ್ಕದ ಮಗ್ಗದವನೊಂದಿಗೆ ಯಾರದೋ ಮದುವೆಯ ಸುದ್ದಿ ಮಾತಾಡುತ್ತಿರುತ್ತದೆ. ಎಲ್ಲೋ ಒಂದು ಎಳೆ ಹರಿಯಿತೆನ್ನಿ, ಮಾತು ತಟ್ಟನೆ ನಿಲ್ಲುತ್ತದೆ. ಕಣ್ಣು ಎಳೆಯ ಮೇಲೆ ಇಳಿಯುತ್ತದೆ, ಬೆರಳು ತುದಿ ಹುಡುಕಿ ಗಂಟು ಹಾಕುತ್ತದೆ. ಗಂಟು ಬಿತ್ತೋ, ಮದುವೆಯ ಸುದ್ದಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಒಂದೇ ಕೆಲಸಕ್ಕೆ ಮಿದುಳಿನ ಎರಡು ಬೇರೆ ಬೇರೆ ವ್ಯವಸ್ಥೆಗಳು ದುಡಿಯುವುದನ್ನು ಇಲ್ಲಿ ಬರಿಗಣ್ಣಿನಿಂದ ನೋಡಬಹುದು. ಮಗ್ಗಕ್ಕೆ ಹೊಸದಾಗಿ ಕೂತ ಹುಡುಗ ಪ್ರತಿ ತುಳಿತವನ್ನೂ ಯೋಚಿಸಿ ತುಳಿಯುತ್ತಾನೆ. ಹಣೆಯ ಹಿಂದಿನ ಮುಂಮಿದುಳಿಗೆ ಅದು ಭಾರೀ ಕೆಲಸ. ಆಗ ಅವನನ್ನು ಮಾತಾಡಿಸಿದರೆ ಲಾಳಿ ತಪ್ಪುತ್ತದೆ. ತಿಂಗಳುಗಟ್ಟಲೆ ತುಳಿದ ಮೇಲೆ ಆ ಕೆಲಸ ಮಿದುಳಿನ ಆಳದಲ್ಲಿರುವ ‘ಬೇಸಲ್ ಗ್ಯಾಂಗ್ಲಿಯಾ’ ಎಂಬ ನರಕೋಶಗಳ ಗುಂಪಿಗೆ ಹೋಗುತ್ತದೆ. ಮುಂಮಿದುಳು ಬಿಡುವಾಗಿ ಮದುವೆಯ ಸುದ್ದಿಗೆ ಕಿವಿಗೊಡುತ್ತದೆ. ಎಳೆ ಹರಿದಾಗ ಮಾತ್ರ ಮತ್ತೆ ಕಣಕ್ಕಿಳಿಯುತ್ತದೆ.

ಈ ಹಸ್ತಾಂತರವನ್ನು ಪ್ರಯೋಗಾಲಯದಲ್ಲಿ ಹಿಡಿದು ತೋರಿಸಿದವರು ಅಮೆರಿಕದ ಎಂಐಟಿಯ ಆ್ಯನ್ ಗ್ರೇಬಿಯಲ್ ಮತ್ತು ಅವರ ಸಂಗಡಿಗರು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಓಣಿಯಲ್ಲಿ ಇಲಿಗಳನ್ನು ಬಿಟ್ಟರು. ಒಂದು ಸದ್ದು ಕೇಳಿದರೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ತಿರುಗಬೇಕು. ಸರಿಯಾಗಿ ತಿರುಗಿದರೆ ತಿನಿಸು. ಮೊದಮೊದಲು ಓಟದುದ್ದಕ್ಕೂ ಇಲಿಯ ಮಿದುಳಿನ ಆ ಭಾಗದ ನರಕೋಶಗಳು ಚುರುಕಾಗಿ ಮಿಡಿದವು. ದಾರಿ ರೂಢಿಯಾದ ಮೇಲೆ ಓಟದ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಿಡಿದು ನಡುವೆ ತೆಪ್ಪಗಾದವು. ಇಡೀ ಓಟ ಒಂದೇ ಕಟ್ಟಾಗಿತ್ತು. ಒಮ್ಮೆ ಶುರುವಾದರೆ ಮುಗಿಯುವವರೆಗೆ ತಾನಾಗಿ ನಡೆಯುತ್ತಿತ್ತು.

2005ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ತಿನಿಸು ನಿಲ್ಲಿಸಿದರು. ಕ್ರಮೇಣ ಇಲಿಯ ಅಭ್ಯಾಸ ಸಡಿಲವಾಯಿತು, ನರಕೋಶಗಳ ಆ ಮಾದರಿಯೂ ಮಸುಕಾಯಿತು. ಮತ್ತೆ ತಿನಿಸು ಇಟ್ಟದ್ದೇ ತಡ, ಹಳೆಯ ಮಾದರಿ ಬೇಗನೆ ಮರಳಿತು. ಹಳೆಯ ಅಭ್ಯಾಸ ಅಳಿಸಿಹೋಗಿರಲಿಲ್ಲ, ಅಡಗಿ ಕೂತಿತ್ತು. ಐದು ವರ್ಷ ಬೀಡಿ ಬಿಟ್ಟವನು ಯಾರದೋ ಮದುವೆಯಲ್ಲಿ ಒಂದು ಸೇದಿ ವಾರದೊಳಗೆ ಹಳೆಯ ಲೆಕ್ಕಕ್ಕೆ ಮರಳುವುದೇಕೆ ಎಂಬುದಕ್ಕೆ ಇದರಲ್ಲೊಂದು ಸುಳಿವಿದೆ. ಅದನ್ನು ಬರೀ ನೀತಿಗೆಟ್ಟತನವೆಂದು ತಳ್ಳಿಹಾಕುವುದು ಕಣ್ಣು ಮುಚ್ಚಿ ತೀರ್ಪು ಕೊಟ್ಟಂತೆ.

ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಅವರ ತಂಡ ಜನರಿಂದ ಗಂಟೆಗೊಮ್ಮೆ ‘ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ’ ಎಂದು ಬರೆಸಿತು. ಅವರ ದಿನದ ಕೆಲಸಗಳಲ್ಲಿ ಶೇ 43ರಷ್ಟು ಹೆಚ್ಚುಕಡಿಮೆ ದಿನವೂ ಅದೇ ಜಾಗದಲ್ಲಿ, ಬೇರೇನನ್ನೋ ಯೋಚಿಸುತ್ತ ಮಾಡಿದಂಥವು. ಅಭ್ಯಾಸವನ್ನು ಶತ್ರು ಎನ್ನುವ ಹಾಗಿಲ್ಲ ಎಂದಾಯಿತು. ಸೀರೆ ನೇಯುವ ಕಾಲೂ ಬೀಡಿಗೆ ಚಾಚುವ ಕೈಯೂ ಕಲಿತದ್ದು ಒಂದೇ ಯಂತ್ರದಿಂದ.

ರುಚಿಗಿಂತ ಮೊದಲೇ ಬರುವ ರುಚಿ

ಆ ಕೈ ಚಾಚುವುದು ಯಾವಾಗ? ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಗೊತ್ತಾಗುತ್ತದೆ. 2013ರಿಂದ ರಾಜ್ಯದಲ್ಲಿ ಗುಟ್ಕಾ ನಿಷೇಧ. ಅದಕ್ಕೆ ಅಂಗಡಿಯವನು ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಕೊಡುತ್ತಾನೆ. ಗಿರಾಕಿ ಎರಡರ ಮೂಲೆಯನ್ನೂ ಹಲ್ಲಿನಿಂದ ಹರಿದು, ಒಂದನ್ನು ಇನ್ನೊಂದಕ್ಕೆ ಸುರಿದು, ಬಾಯಿ ಹಿಡಿದು ಅಲ್ಲಾಡಿಸುತ್ತಾನೆ. ಮುಖ ನೋಡಿ: ತಂಬಾಕು ಇನ್ನೂ ನಾಲಗೆ ಮುಟ್ಟಿಲ್ಲ, ಆಗಲೇ ಮುಖ ಸಡಿಲವಾಗಿದೆ.

ಇದನ್ನು ಅರ್ಥ ಮಾಡಿಸಿದ್ದು ನರವಿಜ್ಞಾನಿ ವೊಲ್ಫ್‌ರಾಮ್ ಶುಲ್ಟ್ಸ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗ. ಕೋತಿಯ ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುವ ನರಕೋಶಗಳು ಮಿಡಿದವು. ರಸಕ್ಕೆ ಮುಂಚೆ ಪ್ರತಿಸಲ ಒಂದು ಸೂಚನೆ ಕೊಡುತ್ತ ಬಂದರು. ಅದು ರೂಢಿಯಾದ ಮೇಲೆ ನರಕೋಶಗಳು ಸೂಚನೆಗೇ ಮಿಡಿದು ರಸ ಬಂದಾಗ ಸುಮ್ಮನಿದ್ದವು. ಸೂಚನೆ ಕೊಟ್ಟು ರಸ ಕೊಡದಿದ್ದಾಗ, ಸರಿಯಾಗಿ ರಸ ಬರಬೇಕಿದ್ದ ಕ್ಷಣದಲ್ಲಿ ಅವುಗಳ ಮಿಡಿತ ಕುಸಿಯಿತು. ಡೋಪಮೈನನ್ನು ‘ಸುಖದ ರಾಸಾಯನಿಕ’ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಈ ನರಕೋಶಗಳು ಇಟ್ಟ ಲೆಕ್ಕ ಸುಖದ್ದಲ್ಲ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರದ್ದು.

ಬಸ್‌ಸ್ಟ್ಯಾಂಡು, ಚಾದ ಕಪ್ಪು, ಊಟವಾದ ಮೇಲಿನ ಐದು ನಿಮಿಷ, ಜೊತೆಗಾರನ ಕೈಯಲ್ಲಿ ಪಾಕೀಟಿನ ಸದ್ದು, ಇವೆಲ್ಲ ಚಟದವನ ಪಾಲಿಗೆ ಆ ಕೋತಿಯ ಸೂಚನೆಗಳೇ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಶೇ 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ತಂಬಾಕು ಕೆಟ್ಟದ್ದೆಂದು ಗೊತ್ತಿರುತ್ತದೆ, ಪಾಕೀಟಿನ ಮೇಲೆ ಚಿತ್ರವೇ ಇದೆ. ಆದರೆ ತಿಳಿವಳಿಕೆ ಇರುವ ಕೋಣೆ ಬೇರೆ, ಸೂಚನೆ ಬಾಗಿಲು ತಟ್ಟುವ ಕೋಣೆ ಬೇರೆ.

ಊರು ಎದ್ದು ಹೋದಾಗ

ಸೂಚನೆಗಳು ಜಾಗದಲ್ಲಿ ಅಂಟಿಕೊಂಡಿದ್ದರೆ, ಜಾಗವೇ ಬದಲಾದಾಗ ಏನಾಗುತ್ತದೆ?

ಬಾಗಲಕೋಟೆಯವರಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಸರಿದು ಹಳೆಯ ಪಟ್ಟಣದ ಓಣಿಗಳನ್ನು ನುಂಗಿತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಬಂದವು. ಹಳೆಯ ಊರಿನಲ್ಲಿ ಮನೆಗೆ ಮನೆ ಆತು ನಿಂತಿತ್ತು. ಹೊಸ ಊರಿನಲ್ಲಿ ಅಗಲವಾದ ರಸ್ತೆ, ನಂಬರು ಹಾಕಿದ ಸೆಕ್ಟರು. ಸಂಜೆ ಕಾಲು ತಾನಾಗಿ ಹೋಗುತ್ತಿದ್ದ ಕಟ್ಟೆ, ಕೈ ತಾನಾಗಿ ಚಾಚುತ್ತಿದ್ದ ಅಂಗಡಿ, ಹಾದಿಯಲ್ಲಿ ಸಿಗುತ್ತಿದ್ದ ಗೆಳೆಯ, ಎಲ್ಲ ಒಮ್ಮೆಲೇ ದಿಕ್ಕು ಬದಲಿಸಿದವು. ಆ ಕಷ್ಟವನ್ನು ಯಾವ ಸಿದ್ಧಾಂತವೂ ತೂಗಲಾರದು. ಹೊಸ ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಮನುಷ್ಯ ಚಾ ಎಲ್ಲಿ ಕುಡಿಯಬೇಕು, ಯಾರ ಜೊತೆ ಕೂಡಬೇಕು ಎಂಬುದನ್ನೂ ಯೋಚಿಸಿ ತೀರ್ಮಾನಿಸಬೇಕಾಗುತ್ತದೆ. ತಾನಾಗಿ ನಡೆಯುತ್ತಿದ್ದದ್ದು ಮತ್ತೆ ಮುಂಮಿದುಳಿನ ಕೈಗೆ ಬರುತ್ತದೆ.

ಬ್ರಿಟನ್ನಿನ ಬಾಸ್ ವರ್ಪ್ಲಾಂಕೆನ್ ಈ ಹೊತ್ತನ್ನೇ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 800 ಜನರಿದ್ದರು. ಅರ್ಧದಷ್ಟು ಜನ ಇತ್ತೀಚೆಗೆ ಮನೆ ಬದಲಿಸಿದವರು, ಉಳಿದರ್ಧ ಇದ್ದಲ್ಲೇ ಇದ್ದವರು. ಇಂಧನ, ನೀರು ಉಳಿಸುವಂಥ ಹೊಸ ಅಭ್ಯಾಸಗಳಿಗೆ ಕೆಲವರಿಗೆ ಉತ್ತೇಜನ ಕೊಟ್ಟು ನೋಡಿದಾಗ ಮನೆ ಬದಲಿಸಿದವರ ಮೇಲೆ ಪರಿಣಾಮ ಹೆಚ್ಚಾಗಿತ್ತು. ಆ ಅವಕಾಶದ ಬಾಗಿಲು ತೆರೆದಿದ್ದದ್ದು ಸುಮಾರು ಮೂರು ತಿಂಗಳು ಮಾತ್ರ. ಆಮೇಲೆ ಹೊಸ ಮನೆಯೂ ಹಳೆಯದಾಗುತ್ತದೆ.

ಇದಕ್ಕಿಂತ ತೀಕ್ಷ್ಣವಾದ ಸಾಕ್ಷಿ ವಿಯೆಟ್ನಾಂ ಯುದ್ಧದ್ದು. ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಐದರಲ್ಲಿ ಒಬ್ಬನಷ್ಟು ಹೆರಾಯಿನ್‌ನಂಥ ಮಾದಕದ ದಾಸನಾಗಿದ್ದ. 1971ರಲ್ಲಿ ಮರಳಿದವರನ್ನು ಸಂಶೋಧಕಿ ಲೀ ರಾಬಿನ್ಸ್ ಹಿಂಬಾಲಿಸಿ ವಿಚಾರಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ ಊರಿಗೆ ಬಂದ ಮೇಲೆ ಒಂದು ವರ್ಷದೊಳಗೆ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5. ವರದಿ ಕೇಳಿ ಬಹಳ ಜನ ನಂಬಲಿಲ್ಲ. ಯುದ್ಧದ ಭಯ, ಅಗ್ಗದ ಮಾಲು, ಜೊತೆಗಾರರ ಗುಂಪು ಎಲ್ಲ ಸಾಗರದಾಚೆ ಉಳಿದಿದ್ದವು. ಮನೆಯಲ್ಲಿ ಕೈಗೆ ಸೂಚನೆ ಕೊಡುವವರೇ ಇರಲಿಲ್ಲ.

ಪ್ರತಿಯೊಬ್ಬರೂ ಊರು ಬದಲಿಸಲಾಗದು. ಆದರೆ ಜಾಗದ ಒಂದು ತುಣುಕನ್ನು ಬದಲಿಸಬಹುದು. ಊಟವಾದ ಮೇಲೆ ಅಂಗಳದ ಬದಲು ಮಾಳಿಗೆಗೆ ಹೋಗುವುದು, ಕೆಲಸದಿಂದ ಬರುವಾಗ ಅಂಗಡಿಯಿರದ ಓಣಿ ಹಿಡಿಯುವುದು, ರಾತ್ರಿ ಮೊಬೈಲನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಇಡುವುದು. ಕೇಳಲು ಸಣ್ಣವು. ಮಿದುಳಿಗೆ ಸೂಚನೆ ತಪ್ಪಿಸುವುದೇ ಇವುಗಳ ಕೆಲಸ.

ಬಾದಾಮಿಯಿಂದ ಪಟ್ಟದಕಲ್ಲಿಗೆ

ಜಾಗ ಬದಲಿಸದೆ, ಕೂತಲ್ಲೇ ಅಭ್ಯಾಸವನ್ನು ಸಡಿಲಿಸುವ ಶಕ್ತಿ ಒಂದಿದೆ, ಕುತೂಹಲ. ಅದರ ದೊಡ್ಡ ದಾಖಲೆ ಇದೇ ಜಿಲ್ಲೆಯ ಮರಳುಗಲ್ಲಿನಲ್ಲಿದೆ.

ಬಾದಾಮಿಯ ಮೂರನೆಯ ಗುಹೆ ಮಂಗಲೇಶನ ಶಾಸನದಿಂದಾಗಿ 578ನೇ ಇಸವಿಯದೆಂದು ಖಚಿತವಾಗಿ ಗೊತ್ತು. ಅಲ್ಲಿ ಶಿಲ್ಪಿಯ ಕೈ ಬಂಡೆಯನ್ನು ಕೊರೆಯುತ್ತಿತ್ತು. ಹುನಗುಂದ ತಾಲ್ಲೂಕಿನ ಐಹೊಳೆಗೆ ಬನ್ನಿ. ನೂರಕ್ಕೂ ಮಿಕ್ಕ ಗುಡಿಗಳು, ಒಂದರ ಹಾಗೆ ಇನ್ನೊಂದಿಲ್ಲ. ಲಾಡಖಾನ್ ಗುಡಿ ಇಳಿಜಾರು ಮಾಡಿನ ಮರದ ಮಂಟಪವನ್ನು ಕಲ್ಲಿನಲ್ಲಿ ಕಟ್ಟಿದ ಹಾಗಿದೆ. ದುರ್ಗದ ಗುಡಿಯ ಹಿಂಬದಿ ದುಂಡಗೆ ಬಳಸಿ ಬರುತ್ತದೆ. 634ರಲ್ಲಿ ರವಿಕೀರ್ತಿ ಬರೆದ ಶಾಸನವಿರುವ ಮೇಗುಟಿ ಗುಡ್ಡದ ಮೇಲೆ ಇನ್ನೊಂದು ಬಗೆ. ಆಮೇಲೆ ಪಟ್ಟದಕಲ್ಲು. ಅಲ್ಲಿ ಉತ್ತರದ ಶೈಲಿಯ ಬಳುಕಿದ ಶಿಖರವೂ ದಕ್ಷಿಣದ ಅಂತಸ್ತಿನ ಶಿಖರವೂ ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿವೆ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಗುಹೆಯಿಂದ ಅಲ್ಲಿಗೆ ಸುಮಾರು 160 ವರ್ಷ.

ಉಳಿಯ ಪೆಟ್ಟು ಅಭ್ಯಾಸದ್ದು. ಯೋಚಿಸಿ ಹೊಡೆದರೆ ಕಲ್ಲು ಸೀಳುತ್ತದೆ. ಆದರೆ ಮುಂದಿನ ಗುಡಿ ಹೇಗಿರಬೇಕೆಂಬುದು ಅಭ್ಯಾಸಕ್ಕೆ ಬಿಟ್ಟಿದ್ದರೆ ಐಹೊಳೆಯಲ್ಲಿ ನೂರು ಲಾಡಖಾನ್ ಇರುತ್ತಿದ್ದವು. ಪಳಗಿದ ಕೈ, ಪಳಗದ ಪ್ರಶ್ನೆ ಎರಡೂ ಕೂಡಿದಲ್ಲಿ ಬೆಳವಣಿಗೆ.

ಕುತೂಹಲ ಕೆರಳಿದಾಗ ಮಿದುಳಿನಲ್ಲಿ ಏನಾಗುತ್ತದೆಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಥಿಯಾಸ್ ಗ್ರೂಬರ್ ಮತ್ತು ಸಂಗಡಿಗರು 2014ರಲ್ಲಿ ನೋಡಿದರು. ಸ್ಕ್ಯಾನರಿನೊಳಗೆ ಮಲಗಿದವರಿಗೆ ಸಾಮಾನ್ಯಜ್ಞಾನದ ಪ್ರಶ್ನೆ ಹಾಕಿ, ಉತ್ತರಕ್ಕೆ ಕೆಲವು ಸೆಕೆಂಡು ಕಾಯಿಸಿ, ಆ ನಡುವೆ ಸಂಬಂಧವೇ ಇಲ್ಲದ ಒಂದು ಮುಖದ ಚಿತ್ರ ತೋರಿಸಿದರು. ಉತ್ತರ ತಿಳಿಯುವ ಹಂಬಲ ಹೆಚ್ಚಿದ್ದಾಗ ಉತ್ತರವಷ್ಟೇ ಅಲ್ಲ, ನಡುವೆ ಸುಳಿದುಹೋದ ಆ ಮುಖವೂ ಹೆಚ್ಚು ನೆನಪಿನಲ್ಲಿ ಉಳಿಯಿತು. ಬೀಡಿಯ ಸೂಚನೆಗೆ ಮಿಡಿಯುವ ಆ ಡೋಪಮೈನ್ ಜಾಲವೇ ಕುತೂಹಲಕ್ಕೂ ಮಿಡಿದು ನೆನಪಿನ ಕೇಂದ್ರವನ್ನು ಎಚ್ಚರಿಸಿತ್ತು.

ಹಾಗಾದರೆ ಈ ಕುತೂಹಲವನ್ನು ಚಟದ ಮೇಲೇ ತಿರುಗಿಸಿದರೆ? ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ವೈದ್ಯ ಜಡ್ಸನ್ ಬ್ರೂವರ್ 88 ಧೂಮಪಾನಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಆಗ ಚಾಲ್ತಿಯಲ್ಲಿದ್ದ ತರಬೇತಿ. ಇನ್ನೊಂದಕ್ಕೆ, ಸೇದುವ ಹಂಬಲ ಎದ್ದಾಗ ಅದನ್ನು ಒತ್ತಿಹಿಡಿಯದೆ ಗಮನಿಸುವ ಪಾಠ: ಹಂಬಲ ಮೈಯಲ್ಲಿ ಎಲ್ಲಿದೆ, ಗಂಟಲಲ್ಲೋ ಎದೆಯಲ್ಲೋ? ಏರುತ್ತಿದೆಯೋ ಇಳಿಯುತ್ತಿದೆಯೋ? ಸೇದಿದಾಗ ನಿಜಕ್ಕೂ ರುಚಿ ಹೇಗಿದೆ? 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 17 ವಾರಗಳ ಕೊನೆಗೆ ಮೊದಲ ಗುಂಪಿನಲ್ಲಿ ಶೇ 6, ಎರಡನೆಯದರಲ್ಲಿ ಶೇ 31 ಜನ ಸೇದದೆ ಉಳಿದಿದ್ದರು. ಸಣ್ಣ ಅಧ್ಯಯನ, ಇದೊಂದನ್ನೇ ನಂಬಿ ಡಂಗುರ ಸಾರಬೇಕಿಲ್ಲ. ತರ್ಕ ಮಾತ್ರ ಗಟ್ಟಿ. ಅಭ್ಯಾಸ ನಡೆಯುವುದು ನಮ್ಮ ಗಮನ ಬೇರೆಡೆ ಇದ್ದಾಗ. ಗಮನ ಅದರ ಮೇಲೇ ಬಿದ್ದರೆ ತಾನಾಗಿ ನಡೆಯುವ ಕಟ್ಟು ಬಿಚ್ಚಿಕೊಳ್ಳುತ್ತದೆ.

ಕೇಳುವವನ ಮಾತು

ತನ್ನನ್ನು ತಾನೇ ಹೀಗೆ ನೋಡಿಕೊಳ್ಳುವುದು ಒಬ್ಬಂಟಿಗೆ ಕಷ್ಟ. ಅದಕ್ಕೆ ಎದುರಿಗೆ ಇನ್ನೊಬ್ಬ ಬೇಕು. ಆ ಇನ್ನೊಬ್ಬ ಹೇಗೆ ಮಾತಾಡಬೇಕು?

ಮನೆಯಲ್ಲಿ ನಡೆಯುವ ಮಾತು ಎಲ್ಲರಿಗೂ ಗೊತ್ತು. ತಮ್ಮ ಹೇಳುತ್ತಾನೆ: ‘ಯಣ್ಣಾ, ಎಷ್ಟ ಸಲ ಹೇಳಬೇಕು ನಿನಗ, ಬಿಡು ಅದನ್ನ.’ ಅಣ್ಣ: ‘ನಾ ಏನ್ ನಿನ್ನ ರೊಕ್ಕದಾಗ ತಿಂತೀನೇನು?’ ಮುಗಿಯಿತು. ಅಣ್ಣ ಹೊರಗೆ ಹೋಗಿ ಒಂದರ ಬದಲು ಎರಡು ಹಾಕುತ್ತಾನೆ.

ಇದು ಬರೀ ಅನುಭವದ ಮಾತಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಅಳೆದರು. ಕುಡಿತದ ತೊಂದರೆ ಇದ್ದವರೊಂದಿಗೆ ಆಪ್ತಸಲಹೆಗಾರರು ಆಡಿದ ಮಾತನ್ನು ದಾಖಲಿಸಿದರು. ಸಲಹೆಗಾರ ಎಷ್ಟು ಎದುರುಬಿದ್ದು ವಾದಿಸಿದನೋ, ವರ್ಷದ ನಂತರ ಎದುರಿಗಿದ್ದವನು ಅಷ್ಟು ಹೆಚ್ಚು ಕುಡಿಯುತ್ತಿದ್ದ. ಹತ್ತು ವರ್ಷ ಮೊದಲು, 1983ರಲ್ಲೇ, ಮಿಲ್ಲರ್ ಇನ್ನೊಂದು ಬಗೆಯ ಮಾತುಕತೆಯನ್ನು ಬರೆದಿಟ್ಟಿದ್ದರು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಅದನ್ನು ಬೆಳೆಸಿದರು. ಅದರ ತಿರುಳು ಇಷ್ಟು: ಬಿಡಬೇಕಾದ ಕಾರಣಗಳು ಸಲಹೆಗಾರನ ಬಾಯಿಂದ ಬರಬಾರದು, ಬಿಡಬೇಕಾದವನ ಬಾಯಿಂದಲೇ ಬರಬೇಕು. ಪ್ರತಿ ಚಟಗಾರನೊಳಗೂ ಬೇಕು-ಬೇಡ ಎರಡೂ ಇರುತ್ತವೆ. ನಾವು ‘ಬೇಡ’ದ ಪರ ವಕಾಲತ್ತು ವಹಿಸಿದರೆ ಅವನ ಪಾಲಿಗೆ ‘ಬೇಕು’ ಮಾತ್ರ ಉಳಿಯುತ್ತದೆ. ತಾನು ಆಡಿದ ಮಾತನ್ನು ಮನುಷ್ಯ ನಂಬುತ್ತ ಹೋಗುತ್ತಾನೆ.

ಅದೇ ತಮ್ಮ ಹೀಗೆ ಕೇಳಿದನೆನ್ನಿ: ‘ಯಣ್ಣಾ, ಇದು ನಿನಗ ಯಾವಾಗ ಭಾಳ ಬೇಕು ಅನಸತೈತಿ?’

‘ಮಧ್ಯಾಹ್ನ ಉಂಡ ಮ್ಯಾಲೆ. ನಿದ್ದಿ ಬರತೈತಲ್ಲ, ಅದಕ್ಕ.’

‘ಬಿಟ್ಟರ ಏನರೆ ಚಲೋ ಆದೀತು ಅನಸತೈತೇನು?’

ಅಣ್ಣ ಸ್ವಲ್ಪ ತಡೆದು: ‘ಬಾಯಿ ಪೂರಾ ತಗ್ಯಾಕ ಬರವಲ್ದು ನೋಡು ಈಗೀಗ. ಖಾರ ಹತ್ತಿದರ ಉರೀತೈತಿ. ಸಣ್ಣಾಕಿ ಹತ್ರ ಬರಂಗಿಲ್ಲ, ನಾತ ಅಂತಾಳ.’

ತಮ್ಮ ಒಂದೂ ಬುದ್ಧಿಮಾತು ಹೇಳಿಲ್ಲ. ಕಾರಣಗಳೆಲ್ಲ ಅಣ್ಣನದೇ, ಕೊನೆಯದಂತೂ ಮಗಳದು. ಬಾಯಿ ಪೂರ್ತಿ ತೆರೆಯಲಾಗದಿರುವುದು ಅಡಿಕೆ ಜಗಿಯುವವರಲ್ಲಿ ಬರುವ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ರೋಗದ ಲಕ್ಷಣ. ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಲು ತಮ್ಮನಿಗೆ ಈಗ ದಾರಿ ತೆರೆಯಿತು.

ಪ್ರಶ್ನೆಯಿಂದ ಮನುಷ್ಯನನ್ನು ಬೆಳೆಸುವ ಪರಂಪರೆ ಈ ನೆಲಕ್ಕೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆ ಕೂಡುತ್ತವೆ. ಬಸವಣ್ಣ ಓದಿ ಬೆಳೆದ ಜಾಗ. ಆಲಮಟ್ಟಿಯ ಹಿನ್ನೀರು ಬಂದಾಗ ಅವನ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಇಲ್ಲಿಂದ ಹೋದವನು ಮುಂದೆ ಕಲ್ಯಾಣದಲ್ಲಿ ಕಟ್ಟಿದ ಶರಣರ ಕೂಟದ ನೆನಪನ್ನು 15ನೇ ಶತಮಾನದ ಶೂನ್ಯಸಂಪಾದನೆ ಉಪದೇಶವಾಗಿ ಬರೆಯಲಿಲ್ಲ, ಸಂವಾದವಾಗಿ ಬರೆಯಿತು. ಅಲ್ಲಿ ಅಲ್ಲಮ ಬಂದವರನ್ನೆಲ್ಲ ಪ್ರಶ್ನಿಸುತ್ತಾನೆ. ಸಿದ್ಧರಾಮನನ್ನು, ಅಕ್ಕಮಹಾದೇವಿಯನ್ನು, ಮುಕ್ತಾಯಕ್ಕನನ್ನು. ಉತ್ತರ ಹೇಳುತ್ತ ಹೇಳುತ್ತ ಅವರೇ ಇನ್ನೊಂದು ಎತ್ತರ ಮುಟ್ಟುತ್ತಾರೆ.

ಇಂಥ ಮಾತಿಗೂ ನೆಮ್ಮದಿಗೂ ನಂಟಿದೆ. ಮನಶ್ಶಾಸ್ತ್ರಜ್ಞ ಮಥಿಯಾಸ್ ಮೇಲ್ 79 ವಿದ್ಯಾರ್ಥಿಗಳ ಬಳಿ ಸಣ್ಣ ರೆಕಾರ್ಡರ್ ಕೊಟ್ಟು ನಾಲ್ಕು ದಿನ ಅವರ ಮಾತಿನ ತುಣುಕುಗಳನ್ನು ಹಿಡಿದರು. ಅತಿ ಸಂತೋಷವಾಗಿದ್ದವರು ಅತಿ ಬೇಸರದಲ್ಲಿದ್ದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ತಿರುಳಿರುವ ಮಾತಾಡುತ್ತಿದ್ದರು. ಇದು 2010ರ ಸುದ್ದಿ. 2018ರಲ್ಲಿ ಹೆಚ್ಚು ಜನರ ಮೇಲೆ ಮತ್ತೆ ನೋಡಿದಾಗ ತಿರುಳಿನ ಮಾತಿನ ನಂಟು ಉಳಿಯಿತು, ಹರಟೆಯಿಂದ ಕೆಡುಕೇನೂ ಕಾಣಲಿಲ್ಲ. ಮಿರ್ಚಿ-ಮಂಡಕ್ಕಿಯ ಮುಂದಿನ ಹರಟೆ ನಿಶ್ಚಿಂತೆಯಿಂದ ಸಾಗಲಿ. ಅದರ ನಡುವೆ ಒಂದು ನಿಜವಾದ ಪ್ರಶ್ನೆಗೆ ಜಾಗವಿದ್ದರೆ ಸಾಕು.

ಇನ್ನು ಏನನ್ನಾದರೂ ಒತ್ತೆ ಇಟ್ಟು ಕೊಟ್ಟ ಮಾತಿನ ಬಲ. ಫಿಲಿಪ್ಪೀನ್ಸಿನಲ್ಲಿ ಒಂದು ಬ್ಯಾಂಕು ಧೂಮಪಾನಿಗಳಿಗೆ ಒಂದು ಖಾತೆ ತೆರೆಯಲು ಹೇಳಿತು. ಆರು ತಿಂಗಳು ದುಡ್ಡು ಕಟ್ಟುತ್ತ ಹೋಗಿ, ಕೊನೆಗೆ ಮೂತ್ರಪರೀಕ್ಷೆಯಲ್ಲಿ ನಿಕೋಟಿನ್ ಕಾಣದಿದ್ದರೆ ಹಣ ವಾಪಸು, ಕಂಡರೆ ದಾನಕ್ಕೆ. ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆ ಖಾತೆಯ ಅವಕಾಶ ಸಿಕ್ಕವರಲ್ಲಿ ಬಿಟ್ಟವರು ಉಳಿದವರಿಗಿಂತ ನೂರಕ್ಕೆ ಮೂರರಷ್ಟು ಹೆಚ್ಚು. ವರ್ಷದ ನಂತರವೂ ಆ ವ್ಯತ್ಯಾಸ ನಿಂತಿತು. ಒತ್ತೆ ಇಟ್ಟ ಮಾತಿಗೆ ಬೆಲೆಯಿದೆ, ಆದರೆ ಒಂದೇ ಮಾತಿನಿಂದ ಪವಾಡವಾಗದು. ಮಾತು ಕೊಟ್ಟ ಮಾರನೆಯ ಮಧ್ಯಾಹ್ನ ಉಂಡ ಮೇಲೆ ಏನು ಮಾಡಬೇಕೆಂಬುದು ಬಾಕಿ ಉಳಿಯುತ್ತದೆ.

ಕೊಂಡಿ ಹಾಕುವ ಬಗೆ

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಕೊಂಡಿ. ಅದಾದ ಮೇಲೇ ಕೆಂಪು-ಬಿಳಿಯ ತೋಪುತೆನೆ ಸೆರಗು ಮಗ್ಗದ ಮೇಲೆ ಮೂಡುವುದು. ಹೊಸ ಅಭ್ಯಾಸ ನಿಲ್ಲುವುದೂ ಹೀಗೆಯೇ. ಗಾಳಿಯಲ್ಲಿ ಅದು ನಿಲ್ಲದು. ಈಗಾಗಲೇ ಬಿಗಿಯಾಗಿರುವ ಒಂದು ಎಳೆಗೆ ಅದನ್ನು ಕಟ್ಟಬೇಕು.

‘ನಾಳೆಯಿಂದ ವ್ಯಾಯಾಮ ಮಾಡುತ್ತೇನೆ’ ಎಂಬುದು ಕೊಂಡಿಯಿಲ್ಲದ ಎಳೆ. ‘ಬೆಳಿಗ್ಗೆ ಚಾದ ಕಪ್ಪು ಕೆಳಗಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ ಕೆರೆಯ ತನಕ ಹೋಗಿ ಬರುತ್ತೇನೆ’ ಎಂಬುದರಲ್ಲಿ ಕೊಂಡಿ ಇದೆ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ ‘ಹೀಗಾದರೆ ಹಾಗೆ ಮಾಡುವೆ’ ಎಂಬ ಈ ಬಗೆಯ ಸಂಕಲ್ಪವನ್ನು ದಶಕಗಟ್ಟಲೆ ಅಧ್ಯಯನ ಮಾಡಿದರು. 2006ರಲ್ಲಿ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದರ ಪರಿಣಾಮ ಸ್ಪಷ್ಟವಾಗಿತ್ತು. ನಿರ್ಧಾರವನ್ನು ಆ ಗಳಿಗೆಯ ಮನಸ್ಸಿಗೆ ಬಿಡದೆ ಮೊದಲೇ ಸೂಚನೆಗೆ ಒಪ್ಪಿಸಿಬಿಡುವುದು ಇದರ ಗುಟ್ಟು.

ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಜನ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೆ ಸುಮಾರು ಅಷ್ಟು ದಿನ ಬೇಕೆಂದು ಅವನು ಗಮನಿಸಿದ್ದ. ಲಂಡನ್ನಿನ ಫಿಲಿಪಾ ಲ್ಯಾಲಿ 96 ಜನರಿಗೆ ನಿತ್ಯದ ಒಂದು ಘಟನೆಗೆ ಒಂದು ಹೊಸ ಕೆಲಸವನ್ನು ಜೋಡಿಸಲು ಹೇಳಿ 12 ವಾರ ಗಮನಿಸಿದರು. ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತೆಂದು ಲೆಕ್ಕ ಹೇಳಿತು. ನೀರು ಕುಡಿಯುವುದು ಬೇಗ ರೂಢಿಯಾಯಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡಲಿಲ್ಲ. ‘ಒಂದು ದಿನ ತಪ್ಪಿತು, ಇನ್ನು ಮುಗಿಯಿತು’ ಎಂದು ಕೈಚೆಲ್ಲುವವರು ಇದನ್ನು ನೆನಪಿಡಬೇಕು. ಎಳೆ ಹರಿಯದ ಮಗ್ಗ ಇಳಕಲ್ಲಿನಲ್ಲೂ ಇಲ್ಲ.

ಡಾಕ್ಟರಿಗೆ ಬಿಡಬೇಕಾದದ್ದು

ಒಂದು ಎಚ್ಚರಿಕೆಯನ್ನು ಹೇಳದೆ ಈ ಅಧ್ಯಾಯ ಮುಗಿಯಬಾರದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಮಾತು ಕೊಟ್ಟು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ; ಮಿದುಳು ಅದಕ್ಕೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಚುರುಕಿಗೆ ಲಗಾಮಿಲ್ಲ. ಕೈನಡುಕ, ಬೆವರು, ಕೆಲವರಿಗೆ ಫಿಟ್ಸು, ಎರಡು-ಮೂರು ದಿನಗಳ ಹೊತ್ತಿಗೆ ಇಲ್ಲದ್ದು ಕಾಣುವ ಭ್ರಾಂತಿ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 14416ಕ್ಕೆ ಫೋನು ಮಾಡಿದರೆ ಸರ್ಕಾರದ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ತಂಬಾಕು ಬಿಡುವವರಿಗೆ 1800-112-356 ಇದೆ. ನೆರವು ಕೇಳುವುದೂ ಬೆಳವಣಿಗೆಯ ಒಂದು ಹೆಜ್ಜೆಯೇ.

ಮಹಾಂತ ಶಿವಯೋಗಿಗಳ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅಂದು ಶಾಲೆಗಳಲ್ಲಿ ಮಕ್ಕಳಿಂದ ಪ್ರತಿಜ್ಞೆ ಹೇಳಿಸುತ್ತಾರೆ. ನೂರು ಮಕ್ಕಳು ಒಂದೇ ಧ್ವನಿಯಲ್ಲಿ ಬೇರೆಯವರ ವಾಕ್ಯ ಹೇಳುವಾಗ, ಮಿಲ್ಲರ್ ಕಂಡ ಆ ಮುಖ್ಯ ಅಂಶವೇ ತಪ್ಪಿಹೋಗುತ್ತದೆ: ಕಾರಣ ಅವರ ಬಾಯಿಂದ ಬರುವುದಿಲ್ಲ. ಆ ಹತ್ತು ನಿಮಿಷದಲ್ಲಿ ಮೇಷ್ಟ್ರು ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಮೂರು ಪ್ರಶ್ನೆ ಕೊಡಬಹುದು. ನೀನು ಯೋಚಿಸದೆ ದಿನವೂ ಮಾಡುವ ಒಂದು ಕೆಲಸ ಯಾವುದು? ಅದು ಯಾವ ಜಾಗದಲ್ಲಿ, ಯಾವ ಹೊತ್ತಿಗೆ ಶುರುವಾಗುತ್ತದೆ? ಅದರ ಬದಲು ಅದೇ ಹೊತ್ತಿಗೆ ಏನು ಮಾಡಲು ನಿನಗೆ ಇಷ್ಟ? ಒಬ್ಬ ಹೇಳಲಿ, ಇನ್ನೊಬ್ಬ ಬುದ್ಧಿ ಹೇಳದೆ ಕೇಳಲಿ, ಆಮೇಲೆ ಅದಲುಬದಲಾಗಲಿ. ಮೊಬೈಲಿಗೆ ಅಂಟಿಕೊಂಡ ಹುಡುಗನಿಗೂ ಉಗುರು ಕಚ್ಚುವ ಹುಡುಗಿಗೂ ಇದು ನಡೆಯುತ್ತದೆ. ಸ್ಟಾಫ್ ರೂಮಿನಲ್ಲಿ ಮೇಷ್ಟ್ರುಗಳೂ ತಮ್ಮತಮ್ಮಲ್ಲಿ ಮಾಡಿ ನೋಡಬಹುದು.